ಕಣದ ಮೇಲೆ ಕಾರು: ಮೂರು ರೂಮು, ಐದು ಎಕರೆ ಕಾಫಿ, ಒಂದೇ ಅಂಗಳ

ಇದು ಕೊಡಗಿನ ಸೋಮವಾರಪೇಟೆ ಕಡೆಯ ಒಂದು ಮನೆಯ ಪ್ರಕರಣ. ಊರಿನ ಹೆಸರು ಹೇಳುವುದಿಲ್ಲ. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಎಂದು ಒಂದೆರಡು ವಿವರ ಬದಲಿಸಿದ್ದೇನೆ, ಲೆಕ್ಕ ಬದಲಿಸಿಲ್ಲ. ಯಜಮಾನರನ್ನು ಅಣ್ಣ, ಅವರ ಹೆಂಡತಿಯನ್ನು ಅಕ್ಕ ಎಂದು ಕರೆಯುತ್ತೇನೆ. ಎದುರಿಗೆ ಸಿಕ್ಕಾಗ ಕರೆಯುವುದೂ ಹಾಗೇ. ಅಣ್ಣನ ತಾಯಿ ಊರಿಗೆಲ್ಲ ಅಜ್ಜಿ.

ನಾನು ಸಣ್ಣ ಬೆಳೆಗಾರರ ಲೆಕ್ಕ ಬರೆಯುವವನು. ಇತ್ತೀಚೆಗೆ ನನ್ನ ಹತ್ತಿರ ಬರುವ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಕಾಫಿಯ ಜೊತೆ ಹೋಂಸ್ಟೇ ಲೆಕ್ಕವೂ ಇರುತ್ತದೆ. ಎರಡನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಬರೆದಿರುತ್ತಾರೆ. ಯಾವುದು ಯಾವುದನ್ನು ತಿನ್ನುತ್ತಿದೆ ಎಂದು ಅವರಿಗೂ ಗೊತ್ತಾಗುವುದಿಲ್ಲ, ನನಗೂ ಬೇಗ ಗೊತ್ತಾಗುವುದಿಲ್ಲ. ಈ ಮನೆಯಲ್ಲಿ ಗೊತ್ತಾಗಲು ಐದು ವರ್ಷ ಬೇಕಾಯಿತು.

ಮನೆ, ತೋಟ, ಸಾಲ

ತೋಟ ಐದು ಎಕರೆ, ಪೂರ್ತಿ ಅರೇಬಿಕಾ. ನೆರಳಿಗೆ ಸಿಲ್ವರ್ ಓಕ್, ಹಲಸು, ಅತ್ತಿ. ಮರಗಳಿಗೆ ಮೆಣಸಿನ ಬಳ್ಳಿ. ಮನೆಯ ಮುಂದೆ ಕಾಫಿ ಒಣಗಿಸುವ ಕಣ. 40 ಅಡಿ ಉದ್ದ, 30 ಅಡಿ ಅಗಲ. ಅಣ್ಣನ ತಂದೆ ಸಿಮೆಂಟ್ ಹಾಕಿಸಿದ್ದು. ಇಳಿಜಾರಿನ ಜಾಗ, ಆ ಮನೆಗೆ ಸಮತಟ್ಟು ನೆಲ ಅಂತ ಇರುವುದು ಅದೊಂದೇ. ಅಜ್ಜಿ ಇವತ್ತಿಗೂ ಚಪ್ಪಲಿ ಬಿಟ್ಟೇ ಕಣಕ್ಕೆ ಇಳಿಯುತ್ತಾರೆ.

2016ರಲ್ಲಿ 18 ಲಕ್ಷ ಸಾಲ ಮಾಡಿ ಮೂರು ರೂಮು ಕಟ್ಟಿದರು. ಕಣದ ಅಂಚಿಗೇ ಕಟ್ಟಿದರು, ಯಾಕೆಂದರೆ ಅಲ್ಲಿಂದ ಪುಷ್ಪಗಿರಿ ಸಾಲು ಕಾಣುತ್ತದೆ. ಪಂಚಾಯಿತಿ ಲೈಸೆನ್ಸು, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಎಲ್ಲ ಮಾಡಿಸಿದರು. ಸಾಲದ ಕಂತು ತಿಂಗಳಿಗೆ 25,300 ರೂಪಾಯಿ, ಹತ್ತು ವರ್ಷ. ಆಗ ಕಾಗದ ನೋಡಿದವನು ನಾನೇ. ಕಾಫಿ ದುಡ್ಡು ಬರುವುದು ವರ್ಷಕ್ಕೊಮ್ಮೆ, ಕಂತು ಕಟ್ಟಬೇಕಾದ್ದು ತಿಂಗಳಿಗೊಮ್ಮೆ. ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ರೂಮಿನಿಂದ ವಾರ ವಾರ ದುಡ್ಡು ಬರುತ್ತದಲ್ಲ, ನಡೆಯುತ್ತೆ ಅಂದುಕೊಂಡೆ.

ಶುರುವಿನಲ್ಲಿ ನಡೆಯಿತು ಕೂಡ. ತಲೆಗೆ 1,800 ರೂಪಾಯಿ, ಊಟ ತಿಂಡಿ ಸೇರಿ. ಅಕ್ಕನ ಕೈಯ ಅಕ್ಕಿ ರೊಟ್ಟಿ, ನಾಟಿಕೋಳಿ ಸಾರು ಚೆನ್ನಾಗಿಯೇ ಹೆಸರು ಮಾಡಿತು. ಬೆಂಗಳೂರಿನವರು ಬಂದ ಕೂಡಲೇ ಕೊಡಗಿನ ಹಂದಿ ಸಾರು ಪಂದಿ ಕರಿ, ಅಕ್ಕಿ ಉಂಡೆ ಕಡಂಬುಟ್ಟು ಕೇಳುತ್ತಾರೆ. ಈ ಮನೆಯಲ್ಲಿ ಪಂದಿ ಬೇಯಿಸುವುದಿಲ್ಲ. ಮೇಲಿನ ಮನೆಯ ಹೆಂಗಸು ಮಾಡಿಕೊಡುತ್ತಾರೆ, ಅವರಿಗೂ ನಾಲ್ಕು ಕಾಸು.

ಆಮೇಲೆ 2018ರ ಆಗಸ್ಟ್ ಬಂತು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದವು. ಇವರ ತೋಟಕ್ಕೆ ಏನೂ ಆಗಲಿಲ್ಲ. ಆದರೆ ಮಡಿಕೇರಿ ರಸ್ತೆ ಹೋಯಿತು, ಕೊಡಗಿಗೆ ಬರುವ ಜನವೂ ನಿಂತರು. 2019ರ ಆಗಸ್ಟಿನಲ್ಲಿ ಮತ್ತೆ ಮಳೆ. 2020ರಲ್ಲಿ ಲಾಕ್‌ಡೌನ್. ಕಂತು ಮುಂದೂಡಲು ಆರು ತಿಂಗಳು ಅವಕಾಶ ಸಿಕ್ಕಿತು, ಬಡ್ಡಿ ಮಾತ್ರ ಓಡುತ್ತಲೇ ಇತ್ತು. 2021ರ ಬೇಸಿಗೆಯ ರಜೆಯೂ ಎರಡನೇ ಅಲೆಯಲ್ಲಿ ಕೊಚ್ಚಿಹೋಯಿತು.

ಆ ವರ್ಷ ದಸರಾ ಹೊತ್ತಿಗೆ ಫೋನು ಮತ್ತೆ ಹೊಡೆದುಕೊಳ್ಳಲು ಶುರುವಾಯಿತು. ಅಣ್ಣ ಒಂದು ನಿರ್ಧಾರ ಮಾಡಿದರು: ಬಂದ ಬುಕ್ಕಿಂಗ್ ಒಂದನ್ನೂ ಬಿಡಬಾರದು. ಮೂರು ವರ್ಷ ಖಾಲಿ ರೂಮು ನೋಡಿದ ಯಾರಾದರೂ ಹಾಗೇ ಮಾಡುತ್ತಿದ್ದರು. ತಪ್ಪು ಅಂತ ನನಗೆ ಈಗಲೂ ಹೇಳಲು ಬಾಯಿ ಬರುವುದಿಲ್ಲ.

ಪಲ್ಪರ್ ನಿಂತದ್ದು

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ನಿಜವಾದ ತಿರುವು 2017ರಲ್ಲೇ ಆಗಿತ್ತು. ಆಗ ಯಾರೂ ಅದನ್ನು ತಿರುವು ಅಂದುಕೊಳ್ಳಲಿಲ್ಲ.

ಇವರ ಮನೆಯಲ್ಲಿ ಮೊದಲಿನಿಂದಲೂ ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಬಿಡಿಸಿ ಒಣಗಿಸಿದ ಕಾಫಿ, ಮಾಡುತ್ತಿದ್ದರು. ಕುಯ್ದ ಹಣ್ಣನ್ನು ಅವತ್ತೇ ಸಂಜೆ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಬೇಕು. ಹುಳಿ ಬರಿಸಿ, ತೊಳೆದು, ಕಣಕ್ಕೆ ಹರವಬೇಕು. ಮೋಟಾರಿನ ಸದ್ದು ರಾತ್ರಿ ಎಂಟರವರೆಗೂ ಇರುತ್ತದೆ. ಸಿಪ್ಪೆಯ ರಾಶಿ ಎರಡೇ ದಿನಕ್ಕೆ ಹುಳಿ ನಾತ ಹೊಡೆಯುತ್ತದೆ. ಕಾಫಿ ತೋಟ ನೋಡಲು ಬಂದವರಿಗೆ ಕಾಫಿಯ ಈ ವಾಸನೆ ಬೇಡ. ‘ಇಲ್ಲಿ ಚರಂಡಿ ಇದೆಯಾ?’ ಅಂತ ಒಬ್ಬರು ಕೇಳಿದರು. ಇನ್ನೊಬ್ಬರು ಬುಕ್ಕಿಂಗ್ ಸೈಟಿನಲ್ಲಿ ಎರಡು ಸ್ಟಾರ್ ಕೊಟ್ಟು ಸದ್ದು, ನಾತ ಎರಡನ್ನೂ ಬರೆದರು.

ಅಣ್ಣ ಪಲ್ಪರ್ ನಿಲ್ಲಿಸಿದರು. ಹಣ್ಣನ್ನು ಹಾಗೇ ಒಣಗಿಸಿ ಚೆರಿ ಮಾಡಿ ಮಾರಲು ಶುರು ಮಾಡಿದರು. ಕೆಲಸ ಕಡಿಮೆ, ನೀರು ಕಡಿಮೆ, ನಾತವಿಲ್ಲ. ಬೆಲೆ ಸ್ವಲ್ಪ ಕಡಿಮೆ ಸಿಕ್ಕಿದರೆ ರೂಮಿನಲ್ಲಿ ಸರಿಹೋಗುತ್ತೆ ಅಂತ ಲೆಕ್ಕ.

ಲೆಕ್ಕದಲ್ಲಿ ಬಾರದ್ದು ಕಣ. ಒಳ್ಳೆ ಬಿಸಿಲಿದ್ದರೆ ಪಾರ್ಚ್‌ಮೆಂಟ್ 7ರಿಂದ 10 ದಿನದಲ್ಲಿ ಒಣಗುತ್ತದೆ. ಚೆರಿಗೆ 12ರಿಂದ 15 ದಿನ ಬೇಕು. ಸಿಪ್ಪೆ ಸಮೇತ ಇರುವುದರಿಂದ ಜಾಗವೂ ಜಾಸ್ತಿ. ಅಂದರೆ ದುಡ್ಡು ಕೊಟ್ಟು ರೂಮಿಗೆ ಬರುವ ನೆಂಟರಿಗಾಗಿ ಪಲ್ಪರ್ ನಿಲ್ಲಿಸಿದ್ದಕ್ಕೆ ಕಾಫಿ ಕಣದ ಮೇಲೆ ಹೆಚ್ಚು ದಿನ ಕೂರಬೇಕಾಯಿತು. ಅದೇ ಕಣದ ಮೇಲೆ ಆ ನೆಂಟರ ಕಾರು ನಿಲ್ಲಬೇಕಿತ್ತು.

2018ರಿಂದ 2020ರವರೆಗೆ ನೆಂಟರೇ ಕಡಿಮೆ. ಹಾಗಾಗಿ ಈ ಗಂಟು ಯಾರ ಕಣ್ಣಿಗೂ ಬೀಳಲಿಲ್ಲ.

2021ರ ನವೆಂಬರ್

ಅರೇಬಿಕಾ ಕುಯ್ಲು ನವೆಂಬರಿನಿಂದ ಜನವರಿವರೆಗೆ. ಕೊಡಗಿಗೆ ಪ್ರವಾಸಿಗರು ಮುಗಿಬೀಳುವುದೂ ಕ್ರಿಸ್ಮಸ್, ಹೊಸ ವರ್ಷಕ್ಕೇ. ಇದು ಎಲ್ಲರಿಗೂ ಗೊತ್ತಿರುವ ವಿಷಯ.

2021ರ ನವೆಂಬರಿನಲ್ಲಿ ಮಳೆ ಬಿಡಲೇ ಇಲ್ಲ. ಕೊಡಗು, ಚಿಕ್ಕಮಗಳೂರು, ಹಾಸನ, ಮೂರೂ ಕಡೆ ಇದೇ ಗೋಳು. ಹಣ್ಣು ಒಟ್ಟಿಗೇ ಕೆಂಪಾಗಿ, ನೀರು ಕುಡಿದು ಬಿರಿದು, ಗಿಡದ ಬುಡಕ್ಕೆ ಉದುರತೊಡಗಿತು. ಕುಯ್ಯಲು ಜನವಿಲ್ಲ, ಕುಯ್ದರೆ ಒಣಗಿಸಲು ಬಿಸಿಲಿಲ್ಲ. ಬಿಸಿಲು ಬಂದದ್ದು ಡಿಸೆಂಬರ್ ಮೊದಲ ವಾರದ ಹೊತ್ತಿಗೆ. ಆಗ ಎಲ್ಲ ತೋಟದವರಿಗೂ ಒಟ್ಟಿಗೇ ಆಳು ಬೇಕು. ಮೇಸ್ತ್ರಿಯ ಕಾಲು ಹಿಡಿದು ಇವರು ಹನ್ನೊಂದು ಜನರನ್ನು ಹೊಂದಿಸಿದರು.

ಡಿಸೆಂಬರ್ 10ರ ಶುಕ್ರವಾರ ಕಣದ ತುಂಬ ಹಣ್ಣು ಹರವಿತ್ತು. ಸಂಜೆ ನಾಲ್ಕು ಕಾರು ಬರುವುದಿತ್ತು.

ಕಾರನ್ನು ಬೇರೆ ಕಡೆ ನಿಲ್ಲಿಸಲು ಅಣ್ಣ ಮೊದಲೇ ಪ್ರಯತ್ನಪಟ್ಟಿದ್ದರು. ಹಿಂದಿನ ವಾರ ಕೆಳಗಿನ ಗದ್ದೆಯ ಅಂಚಿನಲ್ಲಿ ನಿಲ್ಲಿಸಿ ಎಂದಿದ್ದರು. ಮಳೆಗೆ ನೆನೆದ ನೆಲ, ಒಂದು ಕಾರು ಹೂತುಹೋಯಿತು. ಟ್ರ್ಯಾಕ್ಟರ್ ತರಿಸಿ ಎಳೆಸಿದರು. ಬಾಡಿಗೆ ಅಣ್ಣನದೇ, ಬೈಗುಳ ಕೇಳಿದ್ದೂ ಅಣ್ಣನೇ. ಕಾಫಿಯನ್ನೇ ಬೇರೆ ಕಡೆ ಹರವೋಣ ಅಂತ ರಸ್ತೆ ಬದಿಗೆ ಟಾರ್ಪಾಲು ಹಾಸಿ ನೋಡಿದರು. ಟಾರ್ಪಾಲಿನ ಅಡಿಯಿಂದ ತೇವ ಏರಿ ಹಣ್ಣು ಬೆವತಂತೆ ಆಯಿತು.

ಹಾಗಾಗಿ ಆ ಶುಕ್ರವಾರ ಅವರು ಮೂರನೆಯ ದಾರಿ ಹಿಡಿದರು. ಹಣ್ಣನ್ನೆಲ್ಲ ಎಳೆದು ಕಣದ ಒಂದು ಮೂಲೆಗೆ ರಾಶಿ ಮಾಡಿ, ಟಾರ್ಪಾಲು ಮುಚ್ಚಿ, ಅಂಚಿಗೆ ಕಲ್ಲು ಹೇರಿದರು. ಭಾನುವಾರ ಮಧ್ಯಾಹ್ನ ನೆಂಟರು ಹೋದ ಮೇಲೆ ಹರವಿದರಾಯಿತು ಅಂತ. ಸಂಜೆಗೆ ರಾಶಿ ಮಾಡಿ ಮುಚ್ಚುವುದು ಹೊಸದೇನಲ್ಲ, ಇಬ್ಬನಿಗೆ ದಿನಾ ಮಾಡುವುದೇ. ಬೆಳಿಗ್ಗೆ ತೆಗೆಯದೇ ಇದ್ದದ್ದು ಹೊಸದು.

ಒಂದು ಶನಿವಾರ

ಮರುದಿನ ಡಿಸೆಂಬರ್ 11. ಆ ದಿನದ ವಿವರವನ್ನು ಅಕ್ಕ ನನಗೆ ಗಂಟೆ ಗಂಟೆಯಂತೆ ಹೇಳಿದ್ದಾರೆ. ಹೋಂಸ್ಟೇ ಮಾಡಬೇಕೆಂದು ಕನಸು ಕಾಣುವವರು ಇದನ್ನು ಓದಬೇಕು.

ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಎದ್ದು ಹಂಡೆ ಒಲೆಗೆ ಬೆಂಕಿ. ಎಂಟು ಜನರ ಸ್ನಾನಕ್ಕೆ ನೀರು ಕಾಯಬೇಕು. ಐದೂವರೆಗೆ ಹಾಲು ಕರೆಯುವುದು. ಆರೂವರೆಗೆ ಕಾಫಿ, ಒಬ್ಬರಿಗೆ ಸಕ್ಕರೆ ಬೇಡ, ಒಬ್ಬರಿಗೆ ಹಾಲು ಬೇಡ, ಒಬ್ಬರಿಗೆ ಟೀ. ಎಂಟಕ್ಕೆ ಕುಯ್ಯುವವರು ಬಂದರು. ಯಾವ ಸಾಲಿನಿಂದ ಶುರು ಮಾಡಬೇಕು ಎಂದು ತೋರಿಸಲು ಅಣ್ಣ ಇಳಿದರು. ಅಷ್ಟರಲ್ಲಿ ಎರಡನೇ ರೂಮಿನಲ್ಲಿ ಬಿಸಿನೀರು ಬರುತ್ತಿಲ್ಲ ಎಂದು ಫೋನು, ವಾಪಸ್ ಹತ್ತಿದರು. ಒಂಬತ್ತಕ್ಕೆ ರೊಟ್ಟಿ, ಒಟ್ಟು 34 ರೊಟ್ಟಿ ತಟ್ಟಿದ್ದನ್ನು ಅಕ್ಕ ಎಣಿಸಿದ್ದರು. ಹತ್ತು ಗಂಟೆಗೆ ಮಂಜು ಸರಿದು ಬಿಸಿಲು ಬಂತು. ಟಾರ್ಪಾಲಿನ ಮೇಲೆ ಬಿತ್ತು. ಅಜ್ಜಿ ಜಗಲಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದರಂತೆ.

ಸಂಜೆ ನಾಲ್ಕೂವರೆ ತೂಕದ ಹೊತ್ತು. ಕುಯ್ಯುವವರಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ. ಚೀಲ ಹೊತ್ತು ಬಂದು ತಕ್ಕಡಿ ಮುಂದೆ ನಿಲ್ಲುತ್ತಾರೆ. ಅದೇ ನಾಲ್ಕೂವರೆಗೆ ನೆಂಟರಿಗೆ ಟೀ, ಈರುಳ್ಳಿ ಪಕೋಡ. ಅದೇ ಹೊತ್ತಿಗೆ ಸುತ್ತಾಡಲು ಹೋಗಿದ್ದ ಒಂದು ಕುಟುಂಬ ದಾರಿ ತಪ್ಪಿತು. ಮ್ಯಾಪ್ ಅವರನ್ನು ಯಾವುದೋ ಎಸ್ಟೇಟಿನ ಒಳರಸ್ತೆಗೆ ಹಾಕಿತ್ತು. ಅಣ್ಣ ಫೋನಿನಲ್ಲಿ ದಾರಿ ಹೇಳುತ್ತ ಹೇಳುತ್ತ ಕೊನೆಗೆ ಜೀಪು ತೆಗೆದುಕೊಂಡು ಹೋದರು.

ಹನ್ನೊಂದು ಜನ ಚೀಲದ ಮೇಲೆ ಕೂತು ಕಾದರು. ತೂಕ ಆದದ್ದು ಆರು ಗಂಟೆಗೆ. ಕತ್ತಲಾಗುತ್ತಿತ್ತು, ಅವರ ದಾರಿಯಲ್ಲಿ ಆನೆ ಓಡಾಡುತ್ತದೆ. ಅವರ ಕಣ್ಣೆದುರಿಗೇ ನೆಂಟರಿಗೆ ಕ್ಯಾಂಪ್ ಫೈರ್ ಹಾಕಲು ಸೌದೆ ಜೋಡಿಸುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ಸೋಮವಾರ ಬೆಳಿಗ್ಗೆ ಆರು ಜನ ಮಾತ್ರ ಬಂದರು. ಉಳಿದ ಐವರು ಪಕ್ಕದ ತೋಟಕ್ಕೆ ಹೋಗಿದ್ದರು. ಅಲ್ಲಿ ಕೂಲಿ ಜಾಸ್ತಿಯೇನೂ ಇರಲಿಲ್ಲ, ನಾಲ್ಕೂವರೆಗೆ ತೂಕ ಮಾಡುತ್ತಿದ್ದರು ಅಷ್ಟೇ.

ಅಕ್ಕ ಅವತ್ತು ಮಲಗಿದ್ದು ಹನ್ನೊಂದೂವರೆಗೆ. ಮುಂದಿನ ವಾರ, 18ನೇ ತಾರೀಕಿನ ಶನಿವಾರವೂ ಇದೇ. ಮತ್ತೆ ರಾಶಿ, ಮತ್ತೆ ಟಾರ್ಪಾಲು. ಭಾನುವಾರ ಟಾರ್ಪಾಲು ಎತ್ತಿದಾಗ ಒಳಗಿಂದ ಬಿಸಿ ಹೊಡೆಯಿತು ಎಂದು ಅಜ್ಜಿ ಹೇಳಿದರಂತೆ. ‘ಬಿಸಿಲಿಗೆ ಸರಿ ಹೋಗ್ತದೆ ಬಿಡವ್ವ’ ಎಂದರು ಅಣ್ಣ.

ಹೊಸ ವರ್ಷ ಕೈಕೊಟ್ಟದ್ದು

ಡಿಸೆಂಬರ್ 31ಕ್ಕೆ ಮೂರೂ ರೂಮು ಬುಕ್ ಆಗಿತ್ತು. ತಲೆಗೆ 2,800. ಅಷ್ಟರಲ್ಲಿ ಓಮಿಕ್ರಾನ್ ಸುದ್ದಿ. ಸರ್ಕಾರ 28ರಿಂದ ರಾತ್ರಿ ಕರ್ಫ್ಯೂ ಹಾಕಿತು, ಹತ್ತರಿಂದ ಬೆಳಿಗ್ಗೆ ಐದರವರೆಗೆ. ಎರಡು ರೂಮಿನವರು ಬರುವುದಿಲ್ಲ ಎಂದರು. ಬುಕ್ಕಿಂಗ್ ಸೈಟಿನವರು ಅವರಿಗೆ ಪೂರ್ತಿ ದುಡ್ಡು ವಾಪಸ್ ಕೊಟ್ಟರು. ಅಣ್ಣ ಕೋಳಿ, ಮೀನು, ಸೌದೆ ಎಲ್ಲ ತಂದಿಟ್ಟಾಗಿತ್ತು. ಮೀನು ಊರಿಗೆ ಹಂಚಿದರು.

ಜನವರಿ 7ರಿಂದ ವಾರಾಂತ್ಯದ ಕರ್ಫ್ಯೂ. ಎರಡು ವಾರ ಒಬ್ಬರೂ ಬರಲಿಲ್ಲ. ಅಣ್ಣ ತಲೆ ಮೇಲೆ ಕೈ ಹೊತ್ತು ಕೂತರು. ಆದರೆ ಆ ಎರಡು ವಾರ ಕಣ ಪೂರ್ತಿ ಕಾಫಿಯದಾಗಿತ್ತು. ಕೊನೆಯ ಕುಯ್ಲಿನ ಹಣ್ಣು ಹರವಿ, ದಿನಕ್ಕೆ ನಾಲ್ಕು ಸಲ ಮರದ ಹಲಗೆಯಿಂದ ಕೈಯಾಡಿಸಿ, ಸಂಜೆ ಮುಚ್ಚಿ, ಬೆಳಿಗ್ಗೆ ತೆಗೆದು ಒಣಗಿಸಿದರು. ಇದನ್ನು ಯಾರೂ ಪ್ರಯೋಗ ಅಂತ ಮಾಡಲಿಲ್ಲ. ಆದರೆ ಅದು ಪ್ರಯೋಗವೇ ಆಯಿತು.

ವ್ಯಾಪಾರಿಯ ಕೈ

ಫೆಬ್ರವರಿ ಮೊದಲ ವಾರ ವ್ಯಾಪಾರಿ ಬಂದರು. ನಾನೂ ಅಲ್ಲೇ ಇದ್ದೆ, ವರ್ಷದ ಲೆಕ್ಕಕ್ಕೆ ಹೋಗಿದ್ದೆ. ಡಿಸೆಂಬರಿನ ಕಾಫಿ 30 ಚೀಲ ಒಂದು ಕಡೆ, ಜನವರಿಯದು 22 ಚೀಲ ಇನ್ನೊಂದು ಕಡೆ ಇಟ್ಟಿತ್ತು.

ಅವರು ಮೊದಲ ಚೀಲದ ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ಇಳಿಸಿದರು. ತಳದಿಂದ ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು. ಚೆನ್ನಾಗಿ ಒಣಗಿದ ಚೆರಿ ಗಲಗಲ ಅನ್ನುತ್ತದೆ. ಇದೂ ಅಂದಿತು. ಅಣ್ಣನ ಮುಖ ಸಡಿಲವಾಯಿತು. ಆಮೇಲೆ ಅವರು ಎರಡು ಕಾಯಿಯನ್ನು ಕಲ್ಲಿನ ಮೇಲಿಟ್ಟು ಒಡೆದು, ಒಳಗಿನ ಬೀಜ ಮೂಗಿಗೆ ಹಿಡಿದರು. ಮಾತಾಡದೆ ನನ್ನ ಕೈಗೂ ಕೊಟ್ಟರು. ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿಟ್ಟ ಕಂಬಳಿ ತೆಗೆದರೆ ಬರುತ್ತದಲ್ಲ, ಅದೇ ಮುಗ್ಗಲು ವಾಸನೆ. ಬೀಜದ ಸೀಳಿನಲ್ಲಿ ಬೂದು ಬಣ್ಣದ ಬೂಷ್ಟು.

‘ಒಣಗಿದೆ, ಇಲ್ಲ ಅನ್ನಲ್ಲ. ಆದ್ರೆ ಒಣಗೋ ಮೊದ್ಲು ಬಿಸಿ ಹಿಡ್ದಿದೆ’ ಎಂದರು. ಆ 30 ಚೀಲಕ್ಕೆ ಚೀಲಕ್ಕೆ 1,200ರಂತೆ ಕಡಿತ. ಜನವರಿಯ 22 ಚೀಲಕ್ಕೆ ಪೂರ್ತಿ ಬೆಲೆ.

ಅವತ್ತು ರಾತ್ರಿ ಅಡುಗೆಮನೆಯಲ್ಲಿ ಕೂತು ಲೆಕ್ಕ ಹಾಕಿದೆವು. ಒಂದು ವಾರಾಂತ್ಯಕ್ಕೆ ಎಂಟು ಜನ, ಎರಡು ರಾತ್ರಿ, 28,800 ರೂಪಾಯಿ. ಸೈಟಿನ ಕಮಿಷನ್ ನೂರಕ್ಕೆ 18ರಂತೆ 5,184. ಊಟ ತಿಂಡಿಗೆ ತಲೆಗೆ ದಿನಕ್ಕೆ 450ರಂತೆ 7,200. ಸಹಾಯದ ಹುಡುಗಿಯ ಕೂಲಿ, ಹಾಸಿಗೆ ಬಟ್ಟೆ ಒಗೆಸಿದ್ದು, ಗ್ಯಾಸು, ಸೌದೆ 3,400. ಉಳಿದದ್ದು 13,016. ಎರಡು ವಾರಾಂತ್ಯಕ್ಕೆ 26,032.

ಕಾಫಿಯಲ್ಲಿ ಹೋದದ್ದು 36,000. ಇದರಲ್ಲಿ ಹೊರಟುಹೋದ ಐವರು ಆಳುಗಳು ಇಲ್ಲ. ಅವರಿಲ್ಲದೆ ತಡವಾಗಿ ಉದುರಿ, ನೆಲದಿಂದ ಹೆಕ್ಕಿಸಿದ ಹಣ್ಣು ಇಲ್ಲ. ಪಾರ್ಚ್‌ಮೆಂಟ್ ಬಿಟ್ಟು ಚೆರಿಗೆ ಬಂದದ್ದರ ವ್ಯತ್ಯಾಸ ಇಲ್ಲ. ಅಕ್ಕನ ದಿನದ ಹದಿನೆಂಟು ಗಂಟೆಗೆ ನಾನು ಯಾವ ಕಾಲಂ ಹಾಕಲಿ? ಹಾಕಲಿಲ್ಲ.

ಅಣ್ಣ ಒಂದು ಮಾತು ಹೇಳಿದರು, ಅದರಲ್ಲಿ ಹುರುಳಿದೆ. ಡಿಸೆಂಬರಿನ ಹಣ್ಣು ಮೊದಲೇ ಮಳೆಗೆ ಬಿರಿದಿತ್ತು, ಜನವರಿಯ ಬಿಸಿಲು ಗಟ್ಟಿ, ಎಲ್ಲ ತಪ್ಪನ್ನೂ ಕಾರಿನ ಮೇಲೆ ಹೊರಿಸಬೇಡಿ ಎಂದು. ಒಪ್ಪುತ್ತೇನೆ. ಆದರೆ ಬಿರಿದ ಹಣ್ಣನ್ನು ಎರಡು ದಿನ ಮುಚ್ಚಿಟ್ಟದ್ದು ಮಳೆಯಲ್ಲ. ಅಷ್ಟು ಹೊತ್ತೂ ಸುಮ್ನೆ ಕೂತಿದ್ದ ಅಜ್ಜಿ ಎದ್ದು ಹೋಗುತ್ತ, ‘ಕಣದ ಮೇಲೆ ಚಪ್ಪಲಿ ಬೇಡ ಅಂತಿದ್ದೆ, ಟೈರೇ ತಂದ್ರಿ’ ಎಂದರು.

ಏನು ಬದಲಾಯಿಸಿದರು

ನನ್ನ ಸಲಹೆ, ಡಿಸೆಂಬರ್ 1ರಿಂದ ಜನವರಿ 15ರವರೆಗೆ ರೂಮು ಪೂರ್ತಿ ಮುಚ್ಚಿ ಅಂತ. ಅಣ್ಣ ಒಪ್ಪಲಿಲ್ಲ. ವರ್ಷದಲ್ಲಿ ಜಾಸ್ತಿ ರೇಟು ಸಿಗುವುದೇ ಆಗ, ಮುಚ್ಚಿದರೆ ಜನ ಮರೆತುಬಿಡುತ್ತಾರೆ ಎಂದರು. ಅಕ್ಕ ಇಬ್ಬರ ಮಾತನ್ನೂ ಬಿಟ್ಟು ಬೇರೆ ಪ್ರಶ್ನೆ ಕೇಳಿದರು. ‘ಕಂತಿನ ದುಡ್ಡು ಕೈಯಲ್ಲಿದ್ರೆ ಆ ಎಂಟು ಜನರನ್ನ ಬೇಡ ಅಂತಿದ್ರಾ?’ ಅಣ್ಣ ಹೌದು ಎಂದರು.

ಅಲ್ಲಿಗೆ ವಿಷಯ ರೂಮಿನದೂ ಅಲ್ಲ, ಕಣದ್ದೂ ಅಲ್ಲ ಅಂತ ಆಯಿತು. ಡಿಸೆಂಬರ್, ಜನವರಿಯ ಎರಡು ಕಂತು, 50,600 ರೂಪಾಯಿ, ಅದರ ಹೆದರಿಕೆಗೆ ಇಷ್ಟೆಲ್ಲ. 2016ರಲ್ಲಿ ನನಗೆ ಹೊಳೆಯದೇ ಹೋದದ್ದು ಇದೇ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳ ರಜೆ, ನೆಂಟರು ಬರುತ್ತಾರೆ. ತೋಟದಲ್ಲೂ ಕುಯ್ಲಿನಷ್ಟು ಕೆಲಸ ಇರುವುದಿಲ್ಲ, ಕಣ ಖಾಲಿ. ಆಗಿನ ದುಡ್ಡಿನಿಂದ ಎರಡು ಕಂತಿನಷ್ಟನ್ನು ಬೇರೆ ಖಾತೆಗೆ ಹಾಕಿ ಮುಟ್ಟಬಾರದು ಎಂದು ಮಾಡಿದೆವು. ಆ ಖಾತೆ ಅಕ್ಕನ ಹೆಸರಿನಲ್ಲಿ.

ಮಿಕ್ಕಿದ್ದು ಅದರ ಹಿಂದೆಯೇ ಬಂತು. ಕುಯ್ಲಿನ ಕಾಲದಲ್ಲಿ ಮೂಲೆಯ ಒಂದೇ ರೂಮು. ಕಾರು ಮೇಲಿನ ರಸ್ತೆ ಬದಿಯ ಮನೆಯವರ ಶೆಡ್ಡಿನಲ್ಲಿ, ಅವರಿಗೆ ಕಾರಿಗೆ 100 ರೂಪಾಯಿ. ಅಲ್ಲಿಂದ ಅಣ್ಣನ ಜೀಪು. ಪಲ್ಪರ್ ಮತ್ತೆ ಶುರು. ಬುಕ್ ಮಾಡುವ ಮೊದಲೇ ಫೋನಿನಲ್ಲಿ ಹೇಳುವುದು: ಸಂಜೆ ಮೋಟಾರ್ ಸದ್ದು ಇರುತ್ತದೆ, ಹುಳಿ ವಾಸನೆ ಇರುತ್ತದೆ, ಬೇಕಾದರೆ ಬನ್ನಿ. ನಾಲ್ಕೂವರೆಗೆ ತೂಕ. ಆ ಹೊತ್ತಿಗೆ ಅಣ್ಣನ ಫೋನು ಅಕ್ಕನ ಹತ್ತಿರ.

ಇವೆಲ್ಲ ಸಲೀಸಾಗಿ ನಡೆಯಲಿಲ್ಲ. 2022ರ ಡಿಸೆಂಬರ್ 24, ಶನಿವಾರ. ಅಣ್ಣ ತಡೆಯಲಾರದೆ ಮೂರೂ ರೂಮು ಕೊಟ್ಟುಬಿಟ್ಟಿದ್ದರು. ಅಕ್ಕನಿಗೆ ಹೇಳಿರಲಿಲ್ಲ. ಕಾರುಗಳು ಶೆಡ್ಡು ದಾಟಿ ಕೆಳಗೇ ಬಂದವು. ಅಜ್ಜಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕಣದ ಬಾಯಿಗೆ ಕೂತರು. ಹಾರ್ನ್ ಹೊಡೆದರೂ ಏಳಲಿಲ್ಲ. ಮೊದಲ ಕಾರಿನ ಹುಡುಗ ಇಳಿದು ಬಂದು ಏನಜ್ಜಿ ಎಂದ. ‘ಹಿಂದೆ ತಗೋ ಮಗ, ಇಲ್ಲಿ ಅನ್ನ ಒಣಗ್ತಿದೆ’ ಎಂದರಂತೆ. ಮೂರು ಕಾರೂ ರಿವರ್ಸ್ ಹೋದವು. ಇಳಿಜಾರಿನಲ್ಲಿ ಒಂದಕ್ಕೆ ಬಂಪರ್ ತಗುಲಿತು, ಆ ಖರ್ಚು ಅಣ್ಣನ ಲೆಕ್ಕಕ್ಕೆ. ಎರಡು ದಿನ ಅಕ್ಕ ಅವರ ಜೊತೆ ಮಾತಾಡಲಿಲ್ಲ.

ಪೂರ್ತಿ ಬಿದ್ದುಹೋದ ಉಪಾಯವೂ ಒಂದಿದೆ, ಅದು ನನ್ನದೇ. ನೆಂಟರಿಗೆ ಕಾಫಿ ಕುಯ್ಯುವ ‘ಅನುಭವ’ ಕೊಡಿ, ತಲೆಗೆ 300 ತೆಗೆದುಕೊಳ್ಳಿ ಎಂದಿದ್ದೆ. ಜನ ಖುಷಿಯಾಗಿಯೇ ಬಂದರು. ಹಣ್ಣು, ಹಸಿರು ಕಾಯಿ, ಎಲೆ ಎಲ್ಲ ಒಟ್ಟಿಗೆ ಹಿಂಡಿದರು. ಎತ್ತರದ ಕೊಂಬೆ ಬಗ್ಗಿಸಿ ಫೋಟೋಗೆ ನಿಂತು ಎರಡು ಕಡೆ ಮುರಿದರು. ಮೇಸ್ತ್ರಿ ನನ್ನನ್ನು ನೋಡಿದ ನೋಟ ಮರೆಯುವ ಹಾಗಿಲ್ಲ. ಎರಡೇ ದಿನಕ್ಕೆ ನಿಲ್ಲಿಸಿದೆವು. ಈಗ ಬೇಕಿದ್ದವರು ಚಪ್ಪಲಿ ಬಿಟ್ಟು ಕಣದಲ್ಲಿ ಕಾಫಿ ಕೈಯಾಡಿಸಬಹುದು. ಮಕ್ಕಳು ಬಿಸಿಲು ಇಳಿಯುವವರೆಗೂ ಬಿಡುವುದಿಲ್ಲ.

ಆಮೇಲೆ

2022ರ ಡಿಸೆಂಬರಿನಲ್ಲಿ ರೂಮಿನ ಆದಾಯ ಹಿಂದಿನ ವರ್ಷದ ಅರ್ಧಕ್ಕಿಂತ ಕಡಿಮೆ ಬಂತು. ಆ ವರ್ಷದ ಪಾರ್ಚ್‌ಮೆಂಟಿಗೆ ಒಂದು ರೂಪಾಯಿಯೂ ಕಡಿತ ಆಗಲಿಲ್ಲ. ನಿಜವಾದ ಪರೀಕ್ಷೆ ಬಂದದ್ದು 2024ರ ಜನವರಿ ಮೊದಲ ವಾರ. ಮತ್ತೆ ಅಕಾಲದ ಮಳೆ. ಕಣದ ಮೇಲೆ ಆರು ದಿನದ ಪಾರ್ಚ್‌ಮೆಂಟ್ ಇತ್ತು. ಕಾರಿಲ್ಲ, ನೆಂಟರು ಇಬ್ಬರೇ. ಮೋಡ ಕಂಡ ಕೂಡಲೇ ಮನೆಯವರು, ಆಳುಗಳು, ಆ ಇಬ್ಬರು ನೆಂಟರೂ ಸೇರಿ ಅರ್ಧ ಗಂಟೆಯಲ್ಲಿ ಎಳೆದು, ತುಂಬಿ, ಜಗಲಿಗೆ ಸಾಗಿಸಿದರು. ರೂಮಿನಲ್ಲೇ ಹರವೋಣ ಅಂತ ಖಾಲಿ ಇದ್ದ ಎರಡೂ ರೂಮಿನ ಮಂಚ ಎತ್ತಿ ನೆಲದ ಮೇಲೆ ತೆಳ್ಳಗೆ ಹಾಸಿದರು, ಫ್ಯಾನು ಹಾಕಿದರು. 18 ಲಕ್ಷದ ರೂಮಿನಲ್ಲಿ ಕಾಫಿ ಮಲಗಿತ್ತು. ಆ ಕಾಫಿ ಉಳಿಯಿತು.

2024ರ ಕೊನೆಗೆ ಕಾಫಿ ಬೆಲೆ ಯಾರೂ ಎಣಿಸದಷ್ಟು ಏರಿತು. ಈಗ ಕುಯ್ಲಿನ ಕಾಲದಲ್ಲಿ ರೂಮು ಬಿಟ್ಟು ಕಾಫಿ ಹಿಡಿದ ಅಣ್ಣನ ನಿರ್ಧಾರ ಬಹಳ ಜಾಣತನದ್ದು ಅಂತ ಕಾಣುತ್ತದೆ. ಅದನ್ನು ನಾನು ಅವರ ಲೆಕ್ಕಕ್ಕೆ ಹಾಕುವುದಿಲ್ಲ, ಬೆಲೆ ಯಾರ ಕೈಯಲ್ಲೂ ಇಲ್ಲ. ಬೆಲೆ ಬಿದ್ದ ವರ್ಷ ಮತ್ತೆ ರೂಮಿನ ಕಡೆಗೇ ಎಳೆತ ಶುರುವಾಗುತ್ತದೆ. ಅವರಿಗೂ ಇದು ಗೊತ್ತು.

ಇದೇ ಪರಿಸ್ಥಿತಿಯವರು ನನ್ನ ಹತ್ತಿರ ಬಂದರೆ ಈಗ ನಾನು ಮೊದಲು ರೂಮು ಎಷ್ಟು ಎಂದು ಕೇಳುವುದಿಲ್ಲ. ಕಂತು ಯಾವ ತಿಂಗಳು ನುಂಗಲಾರದಷ್ಟು ಭಾರ ಎಂದು ಕೇಳುತ್ತೇನೆ, ಆ ತಿಂಗಳು ತೋಟದಲ್ಲಿ ಏನು ನಡೆಯುತ್ತಿರುತ್ತದೆ ಎಂದು ಕೇಳುತ್ತೇನೆ. ಕಾರು ಎಲ್ಲಿ ನಿಲ್ಲಿಸುತ್ತೀರಿ ಎಂದೂ ಕೇಳುತ್ತೇನೆ. ಕೆಲವರು ನಗುತ್ತಾರೆ.

ಬೆಂಗಳೂರಿನಲ್ಲಿರುವ ಮಗ ಈಗ ಹೊಸ ಮಾತು ತೆಗೆದಿದ್ದಾನೆ. ಮನೆಯ ಹಿಂದಿನ ಇಳಿಜಾರನ್ನು ಕಡಿದು ಸಮ ಮಾಡಿದರೆ ಆರು ಕಾರು ನಿಲ್ಲಿಸಬಹುದು, ಕಣಕ್ಕೂ ತೊಂದರೆ ಇಲ್ಲ ಅಂತ. ಅಣ್ಣ ಜೆಸಿಬಿಯವನನ್ನು ಕರೆಸಿ ರೇಟು ಕೇಳಿಯೂ ಆಗಿದೆ. 2018ರಲ್ಲಿ ಎಂಥ ಎಂಥ ಗುಡ್ಡ ಜಾರಿತು ಎಂದು ನೋಡಿದವರು ಅಕ್ಕ. ಕಳೆದ ಸಲ ನಾನು ಹೋದಾಗ ಮಾತು ಅಲ್ಲೇ ನಿಂತಿತ್ತು. ಮಳೆಗಾಲ ಒಂದು ಮುಗಿಯಲಿ, ಆಮೇಲೆ ನೋಡೋಣ ಎಂದರು ಅಣ್ಣ.

ಅಕ್ಕ ರೊಟ್ಟಿ ತಟ್ಟುತ್ತ, ‘ಯಾವ ಮಳೆಗಾಲ?’ ಎಂದರು.